ಉತ್ಸಾಹದ ಏರಿಳಿತ

(ಮಂಗಳೂರಿನ ಬಲ್ಮಠದಲ್ಲಿ ಭಕ್ತರು ಏರ್ಪಡಿಸಿದ್ದ ಕೂಟದಲ್ಲಿ ಪೂಜ್ಯ ಶ್ರೀಗಳವರು ದಯಪಾಲಿಸಿದ ಪ್ರವಚನದ ಬರಹರೂಪ)



ಘಟ್ಟದ ಮೇಲಿನವರಾದ ನಮಗೆ ಈ ಊರಿಗೆ ಬಂದಾಗಲೆಲ್ಲ ಮೊದಲು ಅರಿವಿಗೆ ಬರುವುದು ಇಲ್ಲಿಯ ದಾರಿಗಳ ಏರಿಳಿತ. ಹಂಪನಕಟ್ಟೆಯಿಂದ ಈ ಬಲ್ಮಠಕ್ಕೆ ಬರಬೇಕಾದರೆ ಏರಬೇಕು. ಏರಿದೆವು ಎನ್ನುವಷ್ಟರಲ್ಲಿ ಮತ್ತೊಂದು ಇಳಿಜಾರು. ನಮ್ಮ ಬಯಲುಸೀಮೆಯಲ್ಲಿ ಹಾಗಲ್ಲ. ಎರಿಹೊಲಗಳ ನಡುವೆ ದಾರಿ ನೂಲು ಹಿಡಿದಂತೆ ಹೋಗುತ್ತದೆ. ಎದುರಿಗೆ ಬರುವವನು ಒಂದು ಹರದಾರಿ ದೂರದಿಂದಲೇ ಕಾಣುತ್ತಾನೆ. ಇಲ್ಲಿ ತಿರುವು ಕಳೆಯುವ ತನಕ ಮುಂದೇನಿದೆಯೆಂದು ತಿಳಿಯುವುದಿಲ್ಲ. ಇಂದು ನಾವು ಹೇಳಬೇಕೆಂದಿರುವ ವಿಷಯಕ್ಕೂ ಈ ಏರಿಳಿತಕ್ಕೂ ಸಂಬಂಧವುಂಟು.

ಸ್ವಾಮಿಗಳು ಷಟ್‌ಸ್ಥಲದ ಮೇಲೋ ಅಷ್ಟಾವರಣದ ಮೇಲೋ ಮಾತನಾಡುತ್ತಾರೆಂದು ನೀವು ಬಂದಿರುತ್ತೀರಿ. ನಾವು ಇಂದು ಮಾತನಾಡುವುದು ಸೈಕಲ್ಲಿನ ವಿಷಯ. ನಗು ಬಂದರೆ ನಕ್ಕುಬಿಡಿ, ಅಡ್ಡಿಯಿಲ್ಲ. ಎರಡು ವರ್ಷದ ಹಿಂದೆ ನಾವೂ ನಕ್ಕವರೇ. ಆ ನಗು ತಪ್ಪಾಯಿತು ಎಂಬುದನ್ನು ನಿಮ್ಮೆದುರಿಗೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ನಡೆದದ್ದು ಹೀಗೆ. ನಮ್ಮ ಕಡೆಯಿಂದ ನೌಕರಿಗಾಗಿ ಈ ಊರಿಗೆ ಬಂದು ನೆಲೆಸಿದ ಒಂದು ಮನೆತನ. ಹೆಸರು ಹೇಳುವುದಿಲ್ಲ, ಸಂಗತಿಯನ್ನು ಹೇಳುವುದಕ್ಕೆ ಅವರ ಒಪ್ಪಿಗೆ ಪಡೆದಿದ್ದೇವೆ. ಯಜಮಾನರು ಕಾರ್ತಿಕದಲ್ಲಿ ಮಠಕ್ಕೆ ಬಂದಾಗ ಮಗನನ್ನೂ ಕರೆತಂದಿದ್ದರು. ಮಗನಿಗೆ ಮೂವತ್ತೆಂಟು ವಯಸ್ಸು. ಒಳ್ಳೆಯ ನೌಕರಿ, ಹೆಂಡತಿ, ಒಬ್ಬಳು ಮಗಳು. ತಂದೆ ನಮಸ್ಕಾರ ಮಾಡಿ ಎದ್ದವರೇ ಹೇಳಿದರು: “ಅಜ್ಜಾವರ, ಇವಗೊಂದೀಟ ಬುದ್ಧಿ ಹೇಳ್ರಿ. ಇಷ್ಟ ವಯಸ್ಸಾತು, ಇನ್ನೂ ಹುಡುಗರ ಸೈಕಲ್ ಹೊಡಕೋತ ಬೀಳ್ತಾನು, ಏಳ್ತಾನು. ಹೋದ ತಿಂಗಳ ಮುಂಗೈ ಮುರಕೊಂಡಾನ.” ನಾವು ಆ ಮಗನ ಕೈಗೆ ಹಾಕಿದ್ದ ಪಟ್ಟಿಯನ್ನು ನೋಡಿದೆವು. ನಕ್ಕೆವು. ನಕ್ಕು, ಪ್ರತಿಯೊಂದಕ್ಕೂ ಒಂದು ವಯಸ್ಸು ಉಂಟಪ್ಪಾ, ಬಾಲ್ಯದ ಆಟ ಬಾಲ್ಯಕ್ಕೆ, ಗೃಹಸ್ಥನ ಕೆಲಸ ಗೃಹಸ್ಥನಿಗೆ, ಎಂದು ಎರಡು ಮಾತು ಹೇಳಿ ಭಸ್ಮ ಕೊಟ್ಟು ಕಳಿಸಿದೆವು. ಅವನು ತಲೆಬಾಗಿ ಹೋದನು. ನೋಡಿ, ನಾವು ಅವನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವೈದ್ಯನು ನಾಡಿ ಹಿಡಿಯದೆ ಔಷಧ ಕೊಟ್ಟಂತಾಯಿತು.

ಎಂಟು ತಿಂಗಳ ಮೇಲೆ ತಂದೆಯೊಬ್ಬರೇ ಬಂದರು. “ನಿಮ್ಮ ಮಾತ ಕೇಳ್ಯಾನ್ರಿ ಅಜ್ಜಾವರ. ಸೈಕಲ್ ಅಟ್ಟದ ಮ್ಯಾಗ ಇಟ್ಟಾನ. ಆದ್ರ ಮನ್ಯಾಗ ಇದ್ದೂ ಇಲ್ಲಧಂಗ ಆಗ್ಯಾನ. ಆಫೀಸಿಂದ ಬರ್ತಾನು, ಉಣ್ತಾನು, ಫೋನ್ ಹಿಡ್ಕೊಂಡ ಕುಂದರ್ತಾನು. ಮಗಳ ಕೂಡನೂ ಮಾತಿಲ್ಲ. ಬಿದ್ದು ಕೈ ಮುರಕೊಳ್ಳಾದ ಪಾಡಿತ್ತು ನೋಡ್ರಿ” ಎಂದರು. ಆ ಮಾತು ನಮಗೆ ನಾಟಿತು. ಮಗನನ್ನು ಕರೆಸಿ ಮೊದಲು ಕೇಳಬೇಕಾಗಿದ್ದುದನ್ನು ಆಗ ಕೇಳಿದೆವು: ಅಪ್ಪಾ, ನೀನು ಮಾಡುತ್ತಿದ್ದುದೇನು?

ಅವನು ಹೇಳಿದ್ದನ್ನು ನಾವು ತಿಳಿದುಕೊಂಡಷ್ಟರ ಮಟ್ಟಿಗೆ ಹೇಳುತ್ತೇವೆ. ಆ ಸೈಕಲ್ಲಿಗೆ ಬಿಎಂಎಕ್ಸ್ ಎಂದು ಹೆಸರು. 1970ರ ಆಸುಪಾಸಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹುಡುಗರು, ದೊಡ್ಡವರು ಮಣ್ಣುಗುಡ್ಡಗಳ ಮೇಲೆ ಮೋಟಾರ್ ಸೈಕಲ್ ಪಂದ್ಯ ಆಡುವುದನ್ನು ನೋಡಿ, ತಮ್ಮ ಚಿಕ್ಕ ಸೈಕಲ್ಲುಗಳಲ್ಲಿ ಅದನ್ನೇ ಅನುಕರಿಸತೊಡಗಿದರಂತೆ. ಮಕ್ಕಳಾಟ ಬೆಳೆದು ಶಾಸ್ತ್ರವಾಯಿತು. ಗಾಲಿ 20 ಇಂಚಿನದು, ಗೇರು ಒಂದೇ, ಸೀಟು ತೀರ ಕೆಳಗೆ. ಅದರ ಮೇಲೆ ಕುಳಿತು ಹೋಗುವುದಕ್ಕಿಂತ ನಿಂತು ಆಡುವುದೇ ಹೆಚ್ಚು. 2008ರಲ್ಲಿ ಬೀಜಿಂಗಿನ ಒಲಿಂಪಿಕ್ಸಿಗೆ ಅದರ ಓಟದ ಪಂದ್ಯ ಸೇರಿತು. ಕಸರತ್ತಿನ ಪಂದ್ಯ ಟೋಕಿಯೋ ಒಲಿಂಪಿಕ್ಸಿಗೆ ಸೇರಿತು. ಅದು 2020ರದಾದರೂ ರೋಗದ ದೆಸೆಯಿಂದ 2021ರಲ್ಲಿ ನಡೆದದ್ದು ನಿಮಗೆ ನೆನಪಿದೆ. 2024ರಲ್ಲಿ ಪ್ಯಾರಿಸಿನಲ್ಲಿ ಆರ್ಜೆಂಟೀನ ದೇಶಕ್ಕೆ ದೊರೆತದ್ದು ಒಂದೇ ಒಂದು ಚಿನ್ನದ ಪದಕ. ಅದನ್ನು ತಂದುಕೊಟ್ಟವನು ಹೊಸೆ ಟೊರೆಸ್ ಗಿಲ್ ಎಂಬ ಈ ಸೈಕಲ್ಲಿನವನೇ. ಹುಡುಗರ ಸೈಕಲ್ಲು ಎಂದು ನಾವು ನಕ್ಕದ್ದು ಇದಕ್ಕೆ!

ಅದರಲ್ಲಿ ಹಲವು ಬಗೆ. ದಿಬ್ಬದ ಮೇಲಿಂದ ಹಾರುವುದೊಂದು. ಸಮತಟ್ಟಾದ ನೆಲದ ಮೇಲೆಯೇ ಆಡುವುದು ಮತ್ತೊಂದು. ಅದಕ್ಕೆ ಫ್ಲಾಟ್‌ಲ್ಯಾಂಡ್ ಎನ್ನುತ್ತಾರೆ. ಗಾಲಿಯ ಅಚ್ಚಿನ ಎರಡೂ ಬದಿಗೆ ಕೊಳವೆಯಂಥ ಮೆಟ್ಟುಗಳಿರುತ್ತವೆ. ಅವುಗಳ ಮೇಲೆ ಕಾಲಿಟ್ಟು ಮುಂದಿನ ಗಾಲಿಯ ಮೇಲೆ ಇಡೀ ಸೈಕಲ್ಲನ್ನು ನಿಲ್ಲಿಸಿ ಬುಗುರಿಯಂತೆ ತಿರುಗಿಸುವುದು, ತಿರುಗುತ್ತಿರುವಾಗಲೇ ಹ್ಯಾಂಡಲಿನ ಈ ಕಡೆಯಿಂದ ಆ ಕಡೆಗೆ ದಾಟುವುದು. ಹ್ಯಾಂಡಲು ಸುತ್ತು ಬರುವುದಕ್ಕೆ ಅಡ್ಡಿಯಾಗುತ್ತದೆಂದು ಎಷ್ಟೋ ಜನ ಬ್ರೇಕನ್ನೇ ಹಾಕಿಸುವುದಿಲ್ಲವಂತೆ. (ತಾಯಂದಿರು ಗಾಬರಿಯಾಗಬಾರದು; ಅದು ರಸ್ತೆಯ ಮೇಲೆ ಆಡುವಂಥದಲ್ಲ.)

ಇವನು ಈ ವಿದ್ಯೆಗೆ ಬಿದ್ದದ್ದು ಇಪ್ಪತ್ತನೆಯ ವಯಸ್ಸಿನಲ್ಲಿ. ಆಗ ಜೊತೆಗೆ ಐದಾರು ಜನ ಗೆಳೆಯರು. ಒಂದು ಸೈಕಲ್ಲನ್ನು ಇಬ್ಬರು ಹಂಚಿಕೊಂಡು ಆಡಿದ ದಿನಗಳು. ಒಬ್ಬ ಬಿದ್ದರೆ ಐವರು ನಗುವುದು, ಒಬ್ಬ ಗೆದ್ದರೆ ಐವರು ಕೂಗುವುದು. ಆಮೇಲೆ ಏನಾಯಿತು? ಈ ಊರಿನಲ್ಲಿ ಏನಾಗುತ್ತದೋ ಅದೇ ಆಯಿತು. ಒಬ್ಬ ದುಬೈಗೆ, ಇಬ್ಬರು ಬೆಂಗಳೂರಿಗೆ. ಒಬ್ಬನಿಗೆ ಅಂಗಡಿ, ಮತ್ತೊಬ್ಬನಿಗೆ ಬೆನ್ನುನೋವು. ಇವನೊಬ್ಬ ಉಳಿದ. ನೆಹರೂ ಮೈದಾನದಲ್ಲಿ ಕ್ರಿಕೆಟ್ಟಿನವರಿಗೆ ಜೊತೆಯುಂಟು, ಫುಟ್‌ಬಾಲಿನವರಿಗೆ ಜೊತೆಯುಂಟು. ರಸ್ತೆಯ ಸೈಕಲ್ ಸವಾರರಿಗೂ ಈ ಊರಿನಲ್ಲಿ ಕೂಟಗಳುಂಟು. ನಮ್ಮ ವಿಜಯಪುರ, ಬಾಗಲಕೋಟೆಯ ಕಡೆಯ ಹುಡುಗರು ಬೆಳಗಿನ ಜಾವ ಹತ್ತು ಹದಿನೈದು ಜನ ಸಾಲಾಗಿ, ಒಬ್ಬರ ಬೆನ್ನಿಗೊಬ್ಬರು ಗಾಳಿ ತಡೆದುಕೊಡುತ್ತ ಸೈಕಲ್ ಹೊಡೆಯುವುದನ್ನು ನಾವೇ ಕಂಡಿದ್ದೇವೆ. ಇವನಿಗೆ ಅದು ಯಾವುದೂ ಇಲ್ಲ. ಭಾನುವಾರ ಬೆಳಕು ಹರಿಯುವ ಮುಂಚೆ ಯಾವುದಾದರೂ ಸಿಮೆಂಟಿನ ಅಂಗಳ ಹುಡುಕಬೇಕು. ಕಾವಲುಗಾರ ಬಂದು ಎಬ್ಬಿಸುವ ತನಕ ಆಡಬೇಕು. ಹತ್ತು ವರ್ಷದ ಮಕ್ಕಳು ನಿಂತು ನೋಡಿ, “ಅಂಕಲ್, ನಿಮಗೆ ಎಷ್ಟು ವಯಸ್ಸು?” ಎಂದು ಕೇಳುವರಂತೆ. ಮನೆಗೆ ಬಂದು ಫೋನು ತೆರೆದರೆ ಜಪಾನಿನ ಹದಿನೈದು ವರ್ಷದ ಹುಡುಗನೊಬ್ಬ ಇವನು ಹದಿನೈದು ವರ್ಷ ಕಷ್ಟಪಟ್ಟು ಕಲಿತದ್ದನ್ನು ಆಟಕ್ಕೆ ಮಾಡಿ ತೋರಿಸುತ್ತಿರುತ್ತಾನೆ.

ಇಷ್ಟು ಹೇಳಿ ಅವನು ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಹೇಳಿದ ಮಾತೇ ನಮ್ಮನ್ನು ಬಹಳ ದಿನ ಕಾಡಿತು. “ಅಜ್ಜಾವರ, ನೀವು ಬಿಡು ಅಂದಿರೆಂದು ನಾನು ಬಿಡಲಿಲ್ಲ. ನೀವು ಹೇಳುವುದಕ್ಕಿಂತ ಒಂದು ವರ್ಷ ಮುಂಚೆಯೇ ನನಗೆ ಮೊದಲಿನ ಹುರುಪು ಇರಲಿಲ್ಲ. ಅಂಗಳಕ್ಕೆ ಹೋಗಿ ಸೈಕಲ್ಲು ಗೋಡೆಗೆ ಒರಗಿಸಿ ಸುಮ್ಮನೆ ಕುಳಿತು ಬಂದ ದಿನಗಳೂ ಉಂಟು. ನನ್ನ ಪ್ರೀತಿಯೇ ಸುಳ್ಳಾಗಿತ್ತೇನೋ ಎಂದು ಅಂಜಿಕೆ. ನಿಮ್ಮ ಮಾತು ನನಗೆ ನೆಪ ಸಿಕ್ಕಿತು.”

ಅಂದರೆ ನಾವು ಕೊಟ್ಟದ್ದು ಉಪದೇಶವಲ್ಲ, ನೆಪ. ಪೀಠದ ಮೇಲೆ ಕುಳಿತವರು ಈ ಮಾತನ್ನು ನೆನಪಿಡತಕ್ಕದ್ದು.

ಅವತ್ತು ನಾವು ಅವನಿಗೆ ಉತ್ತರ ಹೇಳಲಿಲ್ಲ. ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ನಮ್ಮ ಬಾಲ್ಯದ ಒಬ್ಬ ಸೈಕಲ್ಲಿನವನು ನೆನಪಿಗೆ ಬಂದ. ನಿಮ್ಮಲ್ಲಿ ನಲವತ್ತೈದು ಐವತ್ತು ದಾಟಿದವರು, ಹಳ್ಳಿಯಲ್ಲಿ ಬೆಳೆದವರು, ಅಂಥವರನ್ನು ಕಂಡೇ ಇರುತ್ತೀರಿ. ಸುಗ್ಗಿ ಮುಗಿದ ಮೇಲೆ ಊರಿಗೆ ಸೈಕಲ್ ಸರ್ಕಸ್ಸಿನವರು ಬರುತ್ತಿದ್ದರು. ಶಾಲೆಯ ಮುಂದಿನ ಬಯಲಿನಲ್ಲಿ ನಡುವೆ ಒಂದು ಬಿದಿರುಗಳ, ಅದಕ್ಕೊಂದು ಧ್ವನಿವರ್ಧಕ. ಒಬ್ಬನು ಸೈಕಲ್ ಹತ್ತಿ ಸುತ್ತಲು ಶುರುಮಾಡಿದರೆ ಏಳು ಹಗಲು ಏಳು ರಾತ್ರಿ ಇಳಿಯುವಂತಿಲ್ಲ. ಸ್ನಾನ ಸೈಕಲ್ಲಿನ ಮೇಲೆಯೇ, ಊಟ ಸೈಕಲ್ಲಿನ ಮೇಲೆಯೇ, ಗಡ್ಡ ಹೆರೆದುಕೊಳ್ಳುವುದೂ ಅಲ್ಲಿಯೇ. ಹೊತ್ತು ಮುಳುಗಿದ ಮೇಲೆ ಜನ ಸೇರಿದಾಗ ಹ್ಯಾಂಡಲಿನ ಮೇಲೆ ನಿಲ್ಲುವುದು, ನೆಲದ ಮೇಲಿನ ರೂಪಾಯಿಯನ್ನು ಬಾಯಿಂದ ಎತ್ತುವುದು, ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆಸಿಕೊಳ್ಳುವುದು. ಜನ ಮೆಚ್ಚಿ ಅವನ ಅಂಗಿಗೆ ಪಿನ್ನಿನಿಂದ ನೋಟು ಚುಚ್ಚುತ್ತಿದ್ದರು. ನಮ್ಮ ಸೀಮೆಯ ಬಿಎಂಎಕ್ಸ್ ಅದೇ ಎಂದರೂ ಸಲ್ಲುತ್ತದೆ; ಒಲಿಂಪಿಕ್ಸಿನವರು ಮಾತ್ರ ಅವನನ್ನು ಕರೆಯಲಿಲ್ಲ.

ನಮಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ನಾಲ್ಕನೆಯ ರಾತ್ರಿ ಎಚ್ಚರವಾಯಿತು. ಎಲ್ಲರೂ ಮಲಗಿದ್ದಾರೆ. ಯಾರೂ ನೋಡದಿರುವಾಗ ಅವನು ಏನು ಮಾಡುತ್ತಿದ್ದಾನೆಂದು ನೋಡುವ ಚಪಲ. ಕಂಬಳಿ ಹೊದ್ದು ಶಾಲೆಯ ಬಯಲಿಗೆ ಹೋದೆವು. ಒಂದೇ ದೀಪ. ಒಬ್ಬನೇ ಸುತ್ತುತ್ತಿದ್ದಾನೆ. ಹಗಲಿನ ಠೀವಿಯಿಲ್ಲ, ಗಾಣದ ಎತ್ತಿನಂತೆ ನಿಧಾನವಾಗಿ, ತಲೆ ತಗ್ಗಿಸಿಕೊಂಡು. ಚೈನಿನ ಕಿರ್ ಕಿರ್ ಸದ್ದೊಂದೇ. ನಾವು ಬೇವಿನ ಗಿಡದ ಮರೆಗೆ ನಿಂತೆವು. ಸ್ವಲ್ಪ ಹೊತ್ತಿಗೆ ಅವನು ಆಚೀಚೆ ನೋಡಿ, ಸೈಕಲ್ ನಿಲ್ಲಿಸಿ, ಇಳಿದುಬಿಟ್ಟ! ಇಳಿದು, ಒಂದು ಕೈಯನ್ನು ಸೀಟಿನ ಮೇಲೆಯೇ ಇಟ್ಟುಕೊಂಡು, ಬಿದಿರುಗಳಕ್ಕೆ ಒರಗಿ ಕಣ್ಣು ಮುಚ್ಚಿದ. ನಮಗೆ ಬಂದ ಸಿಟ್ಟನ್ನು ಏನು ಹೇಳುವುದು? ಇಡೀ ಊರಿಗೆ ಮೋಸ ಎನ್ನಿಸಿತು. ಓಡಿಹೋಗಿ ಊರಿಗೆಲ್ಲ ಹೇಳಬೇಕೆಂದು ಹೊರಟವರು, ಏನು ತೋಚಿತೋ, ಅಲ್ಲಿಯೇ ಕುಳಿತೆವು. ಕೋಳಿ ಕೂಗುವ ಮುಂಚೆ ಅವನು ತಾನಾಗಿ ಎದ್ದ. ಮುಖಕ್ಕೆ ನೀರು ಚಿಮುಕಿಸಿಕೊಂಡ. ತಿರುಗಿದವನೇ ನಮ್ಮನ್ನು ಕಂಡ. ಹೆದರಲಿಲ್ಲ, ಬೈಯಲಿಲ್ಲ. “ಇಳದದ್ದು ಖರೆ, ತಮ್ಮಾ. ಈಗ ಹತ್ತೂದನ್ನೂ ನೋಡಿ ಹೋಗು” ಎಂದ. ಹತ್ತಿದ. ಸುತ್ತತೊಡಗಿದ.

ನಾವು ಯಾರಿಗೂ ಹೇಳಲಿಲ್ಲ. ಆದರೆ ಬಹಳ ವರ್ಷ ಅವನನ್ನು ಕಳ್ಳನೆಂದೇ ಎಣಿಸಿದ್ದೆವು. ಈಗ, ಈ ವಯಸ್ಸಿನಲ್ಲಿ, ಅವನ ಒಂದು ಕೈ ಸೀಟಿನ ಮೇಲೆಯೇ ಇದ್ದದ್ದು ನೆನಪಿಗೆ ಬರುತ್ತದೆ.

ನಾವು ಓದಿದ್ದು ಸಂಸ್ಕೃತ. ಪಾಠಶಾಲೆಯಲ್ಲಿ ಪ್ರಥಮಾ ತರಗತಿಗೆ ಕುಳಿತಾಗ ಇಪ್ಪತ್ತೆರಡು ವಟುಗಳು. ಬೆಳಗಿನ ಜಾವ ಎಲ್ಲರೂ ಒಟ್ಟಿಗೆ ಅಮರಕೋಶ ಒದರುತ್ತಿದ್ದರೆ ಹೆಂಚು ಹಾರಿಹೋಗುವಂಥ ಉತ್ಸಾಹ. ಕಾವ್ಯಕ್ಕೆ ಹನ್ನೆರಡು ಜನ, ಸಾಹಿತ್ಯಕ್ಕೆ ಐದು, ವಿದ್ವತ್ತಿಗೆ ಬರುವ ಹೊತ್ತಿಗೆ ನಾವು ಇಬ್ಬರು. ಆ ಒಬ್ಬರೂ ಅರ್ಧಕ್ಕೆ ಬಿಟ್ಟು ನೌಕರಿಗೆ ಹೋದರು. ಗುರುಗಳು ಮತ್ತು ನಾವು. ಸಿದ್ಧಾಂತಕೌಮುದಿಯ ಒಂದೊಂದು ಪುಟವೂ ಮರಳುಗಾಡಿನಂತೆ ಕಂಡ ವರ್ಷವೊಂದಿತ್ತು. ಮೊದಮೊದಲು ನಮಗಿದ್ದ ಉತ್ಸಾಹ ಎಂಥದು? ವಾಕ್ಯಾರ್ಥದಲ್ಲಿ ಎದುರಿನವನನ್ನು ಸೋಲಿಸಬೇಕೆಂಬುದು. ಎದುರಿನವನೇ ಇಲ್ಲವಾದ ಮೇಲೆ ಆ ಉತ್ಸಾಹ ಸತ್ತಿತು, ಸಾಯತಕ್ಕದ್ದೇ. ಅದು ಸತ್ತದ್ದನ್ನೇ ವಿದ್ಯೆಯ ಮೇಲಿನ ಪ್ರೀತಿ ಸತ್ತಿತೆಂದು ತಿಳಿದು ನಾವೂ ಪುಸ್ತಕ ಕಟ್ಟಿಡುವುದರಲ್ಲಿದ್ದೆವು. ಈಗ ಪಾಣಿನಿಯ ನಾಲ್ಕು ಸಾವಿರದ ಹತ್ತಿರದ ಸೂತ್ರಗಳಲ್ಲಿ ಯಾವುದೋ ಒಂದು ಸೂತ್ರ ಅದು ಇರುವ ಜಾಗದಲ್ಲಿಯೇ ಏಕೆ ಇದೆ ಎಂಬುದು ತಟ್ಟನೆ ಹೊಳೆದರೆ ಅರ್ಧ ದಿನ ಸಂತೋಷ. ಆ ಸಂತೋಷವನ್ನು ಹಂಚಿಕೊಳ್ಳುವುದಕ್ಕೆ ಮಠದಲ್ಲಿ ಯಾರೂ ಇಲ್ಲ, ಅದು ಬೇರೆ ಮಾತು. ಆದರೆ ಅದು ಹದಿನೈದರ ಹುಡುಗನಿಗೆ ಸಿಗುವ ಸಂತೋಷವಲ್ಲ.

ಪತಂಜಲಿ ಮುನಿಗಳು ಯೋಗಶಾಸ್ತ್ರದ ಮೊದಲ ಪಾದದಲ್ಲಿ ಸಾಧಕನಿಗೆ ಒದಗುವ ಒಂಬತ್ತು ವಿಘ್ನಗಳನ್ನು ಎಣಿಸುತ್ತಾರೆ. ರೋಗವೂ ಅದರಲ್ಲಿದೆ, ಆಲಸ್ಯವೂ ಇದೆ, ಸಂಶಯವೂ ಇದೆ. ಎಂಟನೆಯದು, ಮುಟ್ಟಬೇಕಾದ ಹಂತವನ್ನು ಮುಟ್ಟಲಾಗದಿರುವುದು. ಒಂಬತ್ತನೆಯದು ಇನ್ನೂ ಸೂಕ್ಷ್ಮ: ಮುಟ್ಟಿಯೂ ಅಲ್ಲಿ ನಿಲ್ಲಲಾಗದಿರುವುದು. ಇಪ್ಪತ್ತೈದರಲ್ಲಿ ಕೈವಶವಾಗಿದ್ದ ತಿರುವು ಮೂವತ್ತೆಂಟರಲ್ಲಿ ಜಾರಿಹೋಯಿತು ಎಂದು ಆ ಮಗ ಕೊರಗುತ್ತಿದ್ದನಲ್ಲ, ಅದೇ ಇದು. ಶಾಸ್ತ್ರಕಾರರು ಇದನ್ನು ಪಟ್ಟಿಯಲ್ಲಿ ಸೇರಿಸಿದ್ದಾರೆಂದರೆ ಏನರ್ಥ? ದಾರಿಯಲ್ಲಿ ನಡೆದವರಿಗೆಲ್ಲ ಇದು ಸಿಕ್ಕಿದೆ ಎಂದಲ್ಲವೇ? ದಾರಿ ತಪ್ಪಿದವನಿಗೆ ಮಾತ್ರ ಸಿಗುವ ವಿಘ್ನವಲ್ಲ ಇದು.

ಅದೇ ಶಾಸ್ತ್ರದಲ್ಲಿ ಅಭ್ಯಾಸವು ದೃಢವಾಗಬೇಕಾದರೆ ಮೂರು ಬೇಕೆನ್ನುತ್ತಾರೆ. ಬಹಳ ಕಾಲ ಮಾಡಬೇಕು, ಬಿಡದೆ ಮಾಡಬೇಕು ಎಂಬ ಎರಡನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮೂರನೆಯದನ್ನು ಮರೆಯುತ್ತಾರೆ. ಅದು ಸತ್ಕಾರ. ಮಾಡುವ ಕೆಲಸವನ್ನು ಆದರದಿಂದ ಕಾಣುವುದು. ಈ ಮಗನಿಗೆ ಕಾಲ ಸಾಲದೆ ಹೋದದ್ದಲ್ಲ. ಹದಿನೆಂಟು ವರ್ಷ ಮಾಡಿದ್ದಾನೆ. ಬಿಟ್ಟು ಬಿಟ್ಟು ಮಾಡಿದವನೂ ಅಲ್ಲ. ಹೋದದ್ದು ಮೂರನೆಯದು. ಜೊತೆಗಾರರಿದ್ದಾಗ ಅವರ ಕೂಗಿನಲ್ಲಿ ಅವನ ಕೆಲಸಕ್ಕೆ ಸತ್ಕಾರವಿತ್ತು. ಒಬ್ಬನೇ ಆದ ಮೇಲೆ ಕಾವಲುಗಾರನ ಗದರಿಕೆ, ಮಕ್ಕಳ ಪ್ರಶ್ನೆ, ಮನೆಯವರ ನಿಟ್ಟುಸಿರು, ಕೊನೆಗೆ ನಮ್ಮ ನಗು. ಇದನ್ನೆಲ್ಲ ಕೇಳಿ ಕೇಳಿ ಅವನೇ ತನ್ನ ಕೆಲಸವನ್ನು ಕೀಳಾಗಿ ಕಾಣತೊಡಗಿದ. ಒಂಟಿತನವು ಮನುಷ್ಯನ ಶಕ್ತಿಯನ್ನು ಅಷ್ಟಾಗಿ ಕಸಿದುಕೊಳ್ಳುವುದಿಲ್ಲ. ಅವನ ಕೆಲಸದ ಮೇಲೆ ಅವನಿಗಿರುವ ಗೌರವವನ್ನು ಕಸಿದುಕೊಳ್ಳುತ್ತದೆ. ಉಳಿದಿದ್ದ ಚೂರುಪಾರನ್ನು ನಾವು ಭಸ್ಮದ ಜೊತೆಗೆ ಕಸಿದುಕೊಂಡು ಕಳಿಸಿದೆವು.

ಹಾಗಾದರೆ ಒಬ್ಬನೇ ಇದ್ದು ಕೆಲಸದ ಗೌರವ ಉಳಿಸಿಕೊಂಡವರಿಲ್ಲವೇ? ದೂರ ಹೋಗಬೇಕಾಗಿಲ್ಲ. ಈ ಬಲ್ಮಠವು ಬಾಸೆಲ್ ಮಿಷನ್ನಿನವರು ನೆಲೆ ಮಾಡಿಕೊಂಡಿದ್ದ ಜಾಗ. ಅವರ ಧರ್ಮ ಅವರದು, ನಮ್ಮ ಧರ್ಮ ನಮ್ಮದು. ಕನ್ನಡದ ಋಣ ಇಬ್ಬರಿಗೂ ಒಂದೇ. 1843ರಲ್ಲಿ ಮೊಗ್ಲಿಂಗರು ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದು ಈ ಊರಿನಿಂದ. ನಮ್ಮ ಭೀಮಕವಿಯ ಬಸವಪುರಾಣವು ಕಲ್ಲಚ್ಚಿನಲ್ಲಿ ಹೊರಬಂದದ್ದೂ ಅವರ ಕಾಲದಲ್ಲಿ, ಇಲ್ಲಿಯೇ. ಅವರ ಅನಂತರದ ಕಿಟೆಲರ ಮಾತು ಹೇಳಬೇಕು. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಜರ್ಮನಿಯಿಂದ ಬಂದವರು. ಕನ್ನಡ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಎಪ್ಪತ್ತು ಸಾವಿರದಷ್ಟು ಶಬ್ದಗಳು. ನಡುವೆ ಎಷ್ಟು ವರ್ಷ ಕಳೆದವು, ಲೆಕ್ಕ ಹಾಕಿ. ಪಂಡಿತರ ನೆರವಿತ್ತು, ನಿಜ. ಆದರೆ ಒಂದೊಂದು ಶಬ್ದವನ್ನು ಚೀಟಿಗೆ ಇಳಿಸುವಾಗ ಚಪ್ಪಾಳೆ ತಟ್ಟುವವರು ಯಾರಿದ್ದರು?

ಆದರೆ ನಾವು ಕಿಟೆಲರ ಮಾತು ಎತ್ತಿದ್ದು ಅವರ ಹಟವನ್ನು ಹೊಗಳುವುದಕ್ಕಲ್ಲ. ಅವರೂ ಇಳಿದವರು. ನಡುವೆ ತಾಯ್ನಾಡಿಗೆ ಹಿಂದಿರುಗಿದ್ದರು. ಆಮೇಲೆ 1883ರಲ್ಲಿ ನಿಘಂಟಿಗಾಗಿಯೇ ಮತ್ತೆ ಬಂದರು. ದೊಡ್ಡ ಕೆಲಸ ಮುಗಿಯುವ ತನಕ ಬರಿದೇ ಕುಳಿತಿರಲಿಲ್ಲ ಎಂಬುದೂ ಗಮನಿಸತಕ್ಕದ್ದು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಶೋಧಿಸಿ ಅಚ್ಚು ಹಾಕಿಸಿದರು. ವ್ಯಾಕರಣ ಸಾಕೆನಿಸಿದಾಗ ಛಂದಸ್ಸು. ಆಸಕ್ತಿ ಹೊರಳಿತು, ಮನೆ ಬಿಟ್ಟು ಹೋಗಲಿಲ್ಲ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಯಿತು.

ಇನ್ನು ಜೊತೆಯ ಮಾತು. ಏಕಾಂತವೇ ಶ್ರೇಷ್ಠ, ಜನಸಂಗ ಬೇಡ ಎಂದು ಹೇಳುವುದು ಕಾವಿ ಉಟ್ಟವರಿಗೆ ಸುಲಭ. ನಾವು ಹಾಗೆ ಹೇಳಲಾರೆವು. ಎಲ್ಲವನ್ನೂ ಬಿಟ್ಟು ಒಬ್ಬಳೇ ಹೊರಟ ಅಕ್ಕಮಹಾದೇವಿಯೂ ಉಡುತಡಿಯಿಂದ ನೇರವಾಗಿ ಕದಳಿಯ ಬನಕ್ಕೆ ಹೋಗಲಿಲ್ಲ. ಮೊದಲು ಕಲ್ಯಾಣಕ್ಕೆ ಬಂದಳು. ತನ್ನನ್ನು ಕಂಡು ಅರಿಯಬಲ್ಲವರು ಇದ್ದಾರೆಂದು ಕೇಳಿ ಅಷ್ಟು ದೂರ ನಡೆದು ಬಂದಳು. ಅಕ್ಕನಂಥ ಅಕ್ಕನಿಗೇ ಅದು ಬೇಕಾಯಿತು. ನೌಕರಿ ಮಾಡಿ, ಮನೆ ನಡೆಸಿ, ವಾರಕ್ಕೆ ಎರಡು ಗಂಟೆ ಹೊತ್ತು ಸೈಕಲ್ಲು ಹಿಡಿಯುವ ಸಾಮಾನ್ಯ ಸಂಸಾರಿಗೆ ಬೇಡವೇ?

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಹೋದ ವರ್ಷ ಅವನನ್ನು ಮತ್ತೆ ಕರೆಸಿದೆವು. ತಪ್ಪಾಯಿತಪ್ಪಾ, ನಾವು ನಗಬಾರದಿತ್ತು ಎಂದೆವು. ಸ್ವಾಮಿಗಳು ಹಾಗೆ ಹೇಳಿದ್ದಕ್ಕೆ ಅವನೇ ನಾಚಿದ. ಮತ್ತೆ ಹತ್ತು ಎಂದು ನಾವು ಅಪ್ಪಣೆ ಮಾಡಲಿಲ್ಲ. ಹಾಗೆ ಮಾಡಿದರೆ ಮತ್ತೊಂದು ನೆಪ ಕೊಟ್ಟಂತಾಗುತ್ತಿತ್ತು. ಬದಲಾಗಿ, ಮೂವತ್ತೆಂಟರವನಿಗೆ ಅದರಲ್ಲಿ ಈಗ ಏನು ಇಷ್ಟ ಎಂದು ಕೇಳಿದೆವು. ಅವನು ಬಹಳ ಯೋಚಿಸಿದ. ಹಾರುವುದು ಈಗ ಬೇಡ. ಎಲುಬು ಕೂಡುವುದು ತಡವಾಗುತ್ತದೆ. ವಾರಕ್ಕೊಂದು ಹೊಸ ಪಟ್ಟು ಕಲಿಯಬೇಕೆಂಬ ಆಸೆಯೂ ಇಲ್ಲ. ಒಂದೇ ಒಂದು ತಿರುವು, ಮುಂದಿನ ಗಾಲಿಯ ಮೇಲೆ ನಿಧಾನವಾಗಿ ಮೂರು ಸುತ್ತು, ಎಲ್ಲಿಯೂ ತೊದಲದಂತೆ ಬರಬೇಕು ಎಂದ. ಹೇಳುವಾಗ ಕೈಯೆರಡೂ ತಾವಾಗಿಯೇ ಹ್ಯಾಂಡಲು ಹಿಡಿದಂತೆ ಎದ್ದವು. ಪ್ರೀತಿ ಸತ್ತಿದೆ ಎನ್ನುತ್ತಿದ್ದವನ ಕೈಗಳು! ಅದನ್ನು ಅವನಿಗೆ ತೋರಿಸಿಕೊಟ್ಟೆವು, ಅಷ್ಟೇ.

ಅಟ್ಟದಿಂದ ಸೈಕಲ್ಲು ಇಳಿಯಿತು. ಕಡಲ ಗಾಳಿಗೆ ಚೈನು ಸಂಪೂರ್ಣ ತುಕ್ಕು ಹಿಡಿದಿತ್ತಂತೆ. ಬೆಂಗಳೂರಿನ ಹಳೆಯ ಗೆಳೆಯನಿಗೆ ಫೋನು ಮಾಡಿ ಬೇರೆ ಚೈನು ತರಿಸಿದ. ಆ ನೆಪದಿಂದ ಆರು ವರ್ಷದ ಮೇಲೆ ಆ ಗೆಳೆಯನೊಡನೆ ಮಾತು ಶುರುವಾಯಿತು. ತಿಂಗಳಿಗೊಮ್ಮೆ ಮಾತಾಡುತ್ತಾರೆ, ಗೆಳೆಯನಿಗೆ ಬೆನ್ನುನೋವು ಬಂದು ಆಡುವುದಿಲ್ಲ, ಆದರೆ ಕೇಳುತ್ತಾನೆ. ಫೋನಿನಲ್ಲಿ ಜಪಾನಿನ ಹುಡುಗರನ್ನು ನೋಡುವುದನ್ನು ಇವನು ಕಡಿಮೆ ಮಾಡಿದ್ದಾನೆ, ಪೂರಾ ಬಿಟ್ಟಿಲ್ಲ. ಅಂಗಳದ ಯಜಮಾನರನ್ನು ಕಂಡು ಭಾನುವಾರ ಎಂಟು ಗಂಟೆಯ ತನಕ ಆಡಲು ಬಾಯಿಬಿಟ್ಟು ಅನುಮತಿ ಕೇಳಿದ್ದಾನೆ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲವಂತೆ. ಈಗ ಕಾವಲುಗಾರನೇ ಬಾಗಿಲು ತೆಗೆದುಕೊಡುತ್ತಾನೆ. ವಯಸ್ಸು ಕೇಳುತ್ತಿದ್ದ ಮಕ್ಕಳಲ್ಲಿ ಇಬ್ಬರಿಗೆ ಸೈಕಲ್ಲಿನ ಮೇಲೆ ಕದಲದೆ ನಿಲ್ಲುವುದನ್ನು ಕಲಿಸುತ್ತಿದ್ದಾನೆ. ಹೆಂಡತಿಗೆ ಇದರಲ್ಲಿ ಏನೂ ರುಚಿಯಿಲ್ಲ, ಈಗಲೂ ಇಲ್ಲ. ಇರಬೇಕೆಂದು ಅವನು ಹಂಬಲಿಸುವುದನ್ನು ಬಿಟ್ಟಿದ್ದಾನೆ. ಮುಂಗೈಗೆ ಪಟ್ಟಿ ಕಟ್ಟಿಕೊಳ್ಳದೆ ಹೊರಡಬಾರದೆಂದು ಆ ತಾಯಿ ಹಾಕಿದ ಕಟ್ಟಳೆಯನ್ನು ಮೀರುವುದಿಲ್ಲ.

ಹುರುಪು ಇಲ್ಲದ ದಿನಗಳು ಈಗಲೂ ಬರುತ್ತವೆ. ಎರಡು ವಾರ ಸೈಕಲ್ಲು ಮುಟ್ಟಿಲ್ಲ ಎಂದು ಮಾಘದಲ್ಲಿ ಕಾಗದ ಬರೆದಿದ್ದ. ಹಿಂದಿನ ಪರಿವ್ರಾಜಕರಿಗೆ ಮಳೆಗಾಲದಲ್ಲಿ ಚಾತುರ್ಮಾಸ್ಯದ ಕಟ್ಟಳೆ ಇತ್ತು. ವರ್ಷವೆಲ್ಲ ತಿರುಗುವುದೇ ವ್ರತವಾದವರು ನಾಲ್ಕು ತಿಂಗಳು ಒಂದೆಡೆ ನಿಲ್ಲುವುದೂ ಅದೇ ವ್ರತದ ಭಾಗ ಎಂದು ನಾವು ಉತ್ತರ ಬರೆಸಿದೆವು. ಈ ಊರಿಗಂತೂ ಮಳೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ, ಅದೂ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಪ್ರಕೃತಿಯೇ ಇಲ್ಲಿಯವರಿಗೆ ಚಾತುರ್ಮಾಸ್ಯ ವಿಧಿಸಿದೆ. ಆ ನಾಲ್ಕು ತಿಂಗಳು ಸೈಕಲ್ಲನ್ನು ಒರೆಸಿ, ಎಣ್ಣೆ ಬಿಟ್ಟು, ಕಣ್ಣಿಗೆ ಕಾಣುವ ಕಡೆ ತೂಗುಹಾಕಿರು. ಅಟ್ಟಕ್ಕೆ ಹಾಕಬೇಡ ಎಂದೆವು. ಸೀಟಿನ ಮೇಲೆ ಒಂದು ಕೈ ಇರಲಿ ಎಂದು ಬರೆಸಿದ್ದು ಅವನಿಗೆ ಅರ್ಥವಾಗಲಿಲ್ಲವಂತೆ. ಆ ಕಥೆಯನ್ನು ಅವನಿಗೆ ಹೇಳಿರಲಿಲ್ಲ. ಈಗ ಕೇಳಿದ್ದಾನೆ.

ಇವತ್ತು ಬೆಳಗ್ಗೆ ಪೂಜೆಗೆ ಮುಂಚೆ ಈ ಕಟ್ಟಡದ ಕೆಳಗೆ, ವಾಹನ ನಿಲ್ಲಿಸುವ ಜಾಗದಲ್ಲಿ, ಧಡ್ ಧಡ್ ಎಂಬ ಸದ್ದು ಕೇಳಿ ಕೆಲವರು ಗಾಬರಿಯಾದಿರೆಂದು ತಿಳಿಯಿತು. ಅದು ನ್ಯಾಯವಾಗಿ ನಮ್ಮ ಮೇಲೆ ಬರತಕ್ಕ ಆಕ್ಷೇಪಣೆ. ಹೊರಗೆ ಮಳೆ, ಆದರೂ ನಾವೇ ಸೈಕಲ್ಲು ತರಿಸಿದೆವು. ಚಾತುರ್ಮಾಸ್ಯ ಹೇಳಿದವರೇ ಅದನ್ನು ಮುರಿಸಿದೆವು, ಇರಲಿ. ಒಂದು ಕುರ್ಚಿ ಹಾಕಿಸಿಕೊಂಡು ಅರ್ಧ ಗಂಟೆ ನೋಡಿದೆವು. ಅವನ ಮಗಳು ನಮ್ಮ ಪಕ್ಕ ನಿಂತು, ಅಪ್ಪ ಎಷ್ಟು ಸಲ ಕಾಲು ನೆಲಕ್ಕೆ ಊರಿದ ಎಂದು ಬೆರಳು ಮಡಚಿ ಎಣಿಸುತ್ತಿದ್ದಳು. ಹನ್ನೊಂದು ಸಲ. ಹನ್ನೆರಡನೆಯದಕ್ಕೆ ಎರಡು ಸುತ್ತು ಸರಿಯಾಗಿ ಬಂತು. ಮೂರನೆಯದು ಅರ್ಧಕ್ಕೆ ನಿಂತಿತು. ಅರ್ಧ ಸುತ್ತನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ತಂದೆ ಮಗಳಿಗೆ ಇನ್ನೂ ಜಗಳ ನಡೆದಿದೆ.

ಅವನು ಈ ಕೂಟದಲ್ಲಿಯೇ ಇದ್ದಾನೆ. ಯಾರೂ ಹಿಂತಿರುಗಿ ನೋಡಬೇಡಿ. ಪಾಪ, ನಾಚಿಕೆ ಸ್ವಭಾವ. ಪ್ರಸಾದ ಸಿದ್ಧವಾಗಿದೆಯೆಂದು ಹೇಳಿ ಕಳಿಸಿದ್ದಾರೆ. ಮಳೆ ಜೋರಾಗಿದೆ, ಮೆಟ್ಟಿಲು ಜಾರುತ್ತವೆ. ವಯಸ್ಸಾದವರ ಕೈ ಹಿಡಿದು ಇಳಿಸಿರಿ.